ಕಾರ್ಟೂನ್ ಕಾಮಿಡಿಗಳಲ್ಲಿ ಪಕ್ಕದ ಮನೆಯವರೇ ಯಾಕೆ ಜಾಸ್ತಿ ನೆನಪಿರುತ್ತಾರೆ?

ಅಮೆರಿಕದ ಕಾರ್ಟೂನ್ ಶೋ ‘ದಿ ಸಿಂಪ್ಸನ್ಸ್’ ನೋಡುವ ಯಾರನ್ನಾದರೂ ನಿಮ್ಮಿಷ್ಟದ ಪಾತ್ರ ಯಾವುದು ಅಂತ ಕೇಳಿ. ಸಿಂಪ್ಸನ್ ಮನೆಯ ಯಜಮಾನ ಹೋಮರ್ ಅನ್ನುವವರು ಇದ್ದೇ ಇರುತ್ತಾರೆ. ಆದರೆ ಹರಟೆ ಸ್ವಲ್ಪ ಮುಂದುವರಿದರೆ ಸಾಕು, ಮಾತು ಸಿಂಪ್ಸನ್ ಮನೆ ಬಿಟ್ಟು ಬೀದಿಗೆ ಬಂದುಬಿಡುತ್ತದೆ. ಬಾರ್ ನಡೆಸುವ ಸಿಡುಕ ಮೋ, ಈ ವಯಸ್ಸಲ್ಲೂ ಅಮ್ಮನಿಗೆ ಹೆದರುವ ಪ್ರಿನ್ಸಿಪಾಲ್ ಸ್ಕಿನ್ನರ್, ಪಕ್ಕದ ಮನೆಯ ದೈವಭಕ್ತ ನೆಡ್ ಫ್ಲಾಂಡರ್ಸ್, ಧಣಿಯನ್ನು ಮನಸ್ಸಲ್ಲೇ ಪ್ರೀತಿಸುವ ಸ್ಮಿದರ್ಸ್. ಇವರ್ಯಾರೂ ಕಥೆಯ ನಾಯಕರಲ್ಲ. ಎಷ್ಟೋ ಕಂತುಗಳಲ್ಲಿ ಒಂದೇ ಒಂದು ಮಾತಾಡಿ ಮರೆಯಾಗುವವರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದೊಡ್ಡವರಿಗಾಗಿ ಮಾಡಿದ ಅಮೆರಿಕದ ಕಾರ್ಟೂನ್ ಕಾಮಿಡಿಗಳು ನಿಂತಿರುವುದೇ ಪೋಷಕ ಪಾತ್ರಗಳ ಮೇಲೆ. ಆ ಪಾತ್ರಕ್ಕೆ ತನ್ನದೇ ಆದ ಒಂದು ಆಸೆ, ಒಂದು ಕೊರಗು ಇದ್ದರೆ ಅದು ಮೂವತ್ತು ವರ್ಷ ಬಾಳುತ್ತದೆ. ಬರೀ ಒಂದು ಜೋಕ್ ಇದ್ದರೆ ಬೇಗ ಸವೆದುಹೋಗುತ್ತದೆ. ಇದನ್ನು ಬಿಡಿಸಿ ಹೇಳಬೇಕಾದರೆ ತೆರೆಯ ಹಿಂದಿನ ಲೆಕ್ಕಾಚಾರ ಸ್ವಲ್ಪ ಗೊತ್ತಿರಬೇಕು. ಅಲ್ಲಿಂದಲೇ ಶುರು ಮಾಡೋಣ.

ಊರು ಕಟ್ಟುವ ಲೆಕ್ಕ

ನಟರನ್ನು ಇಟ್ಟುಕೊಂಡು ಮಾಡುವ ಹಾಸ್ಯ ಧಾರಾವಾಹಿ, ಅಂದರೆ ಸಿಟ್‌ಕಾಮ್ ಹೇಗಿರುತ್ತದೆ? ಸ್ಟುಡಿಯೋ ಒಳಗೆ ಒಂದು ಹಾಲ್, ಒಂದು ಅಡುಗೆಮನೆ, ಒಂದು ಕಾಫಿ ಅಂಗಡಿ. ಇಷ್ಟರಲ್ಲೇ ವರ್ಷಗಟ್ಟಲೆ ಕಥೆ ನಡೆಯಬೇಕು. ಹೊಸ ಪಾತ್ರ ಬೇಕು ಅಂದರೆ ಹೊಸ ನಟ ಬೇಕು, ಅವರ ಡೇಟ್ ಸಿಗಬೇಕು, ಸಂಭಾವನೆ ಕೊಡಬೇಕು. ಪೋಸ್ಟ್‌ಮನ್ ಪಾತ್ರದವನು ಚೆನ್ನಾಗಿ ನಗಿಸಿದ, ಇನ್ನೊಮ್ಮೆ ಕರೆಯೋಣ ಅಂದುಕೊಳ್ಳುವಷ್ಟರಲ್ಲಿ ಅವನು ಬೇರೆ ಶೋ ಒಪ್ಪಿಕೊಂಡಿರುತ್ತಾನೆ. ಮಕ್ಕಳ ಪಾತ್ರದವರು ನೋಡನೋಡುತ್ತಾ ಮೀಸೆ ಬಿಟ್ಟಿರುತ್ತಾರೆ.

ಅನಿಮೇಷನ್‌ನಲ್ಲಿ ಈ ತಲೆನೋವು ಇಲ್ಲ. ಒಂದು ಪಾತ್ರವನ್ನು ಒಮ್ಮೆ ರೂಪಿಸಿದರೆ ಅದರ ‘ಮಾಡೆಲ್ ಶೀಟ್’ ತಯಾರಾಗುತ್ತದೆ. ಆ ಪಾತ್ರ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತದೆ, ನಕ್ಕರೆ ಹೇಗೆ, ಸಿಟ್ಟಾದರೆ ಹೇಗೆ ಅಂತ ಬರೆದಿಟ್ಟ ಹಾಳೆ ಅದು. ಆ ಹಾಳೆ ಕಪಾಟಿನಲ್ಲಿ ಇರುವವರೆಗೂ ಪಾತ್ರ ಜೀವಂತ. ಐದು ವರ್ಷ ಬಿಟ್ಟು ಒಂದೇ ಸಾಲಿನ ಜೋಕ್‌ಗೆ ಕರೆದರೂ ಅದೇ ಅಂಗಿ, ಅದೇ ವಯಸ್ಸು. ಬಾರ್ಟ್ ಸಿಂಪ್ಸನ್ ಇವತ್ತಿಗೂ ಹತ್ತು ವರ್ಷದ ಹುಡುಗ, ನಾಲ್ಕನೇ ಕ್ಲಾಸು.

ಅನಿಮೇಷನ್ ಅಗ್ಗ ಅಂತ ನಾನು ಹೇಳುತ್ತಿಲ್ಲ. ಸಿಂಪ್ಸನ್ಸ್‌ನ ಒಂದು ಕಂತು ಬರವಣಿಗೆಯಿಂದ ಪ್ರಸಾರದವರೆಗೆ ತಿಂಗಳುಗಟ್ಟಲೆ ಸಮಯ ತಿನ್ನುತ್ತದೆ. ಚಿತ್ರ ಬಿಡಿಸುವ ಕೆಲಸದ ದೊಡ್ಡ ಪಾಲು ದಕ್ಷಿಣ ಕೊರಿಯಾದ ಸ್ಟುಡಿಯೋಗಳಲ್ಲಿ ಆಗುತ್ತದೆ. ಆದರೆ ಖರ್ಚಾಗುವುದು ನಿಮಿಷಗಳ ಲೆಕ್ಕದಲ್ಲಿ, ಪಾತ್ರಗಳ ಲೆಕ್ಕದಲ್ಲಿ ಅಷ್ಟಾಗಿ ಅಲ್ಲ. ಆದ್ದರಿಂದ ಬರೆಯುವವರಿಗೆ ಇಡೀ ಊರನ್ನೇ ತುಂಬುವ ಸ್ವಾತಂತ್ರ್ಯ ಇರುತ್ತದೆ.

1987ರಲ್ಲಿ ‘ದಿ ಟ್ರೇಸಿ ಉಲ್ಮನ್ ಶೋ’ ಅನ್ನುವ ಹಾಸ್ಯ ಕಾರ್ಯಕ್ರಮದ ನಡುವೆ ಚಿಕ್ಕ ಚಿಕ್ಕ ತುಣುಕುಗಳಾಗಿ ಶುರುವಾದಾಗ ಸಿಂಪ್ಸನ್ಸ್ ಹೆಚ್ಚುಕಮ್ಮಿ ಒಂದು ಮನೆಯ ಕಥೆ ಅಷ್ಟೇ. 1989ರ ಡಿಸೆಂಬರ್ 17ರಂದು ಫಾಕ್ಸ್ ಚಾನೆಲ್‌ನಲ್ಲಿ ಅರ್ಧ ಗಂಟೆಯ ಶೋ ಆಗಿ ಬಂದ ಮೇಲೆ ಆ ಮನೆಗೆ ಒಂದು ಊರು ಬೇಕಾಯಿತು. ಸ್ಪ್ರಿಂಗ್‌ಫೀಲ್ಡ್ ಬೆಳೆದದ್ದು ಹಾಗೆ. ಅಣುವಿದ್ಯುತ್ ಸ್ಥಾವರ, ಶಾಲೆ, ಚರ್ಚ್, ಬಾರ್, ಟಿವಿ ಸ್ಟೇಷನ್. ಪ್ರತಿಯೊಂದಕ್ಕೂ ಒಬ್ಬೊಬ್ಬ ವಾರಸುದಾರ. ಶೋ ಹುಟ್ಟುಹಾಕಿದ ಮ್ಯಾಟ್ ಗ್ರೇನಿಂಗ್ ಬೆಳೆದದ್ದು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಅಲ್ಲಿನ ಬೀದಿಗಳ ಹೆಸರು ಹಾಗೇ ಇಲ್ಲಿ ಇಳಿದಿವೆ. ಫ್ಲಾಂಡರ್ಸ್, ಪಾದ್ರಿ ಲವ್‌ಜಾಯ್, ಮೇಯರ್ ಕ್ವಿಂಬಿ, ಪುಂಡ ಹುಡುಗ ಕರ್ನಿ, ಎಲ್ಲರೂ ಮೊದಲು ಪೋರ್ಟ್‌ಲ್ಯಾಂಡ್‌ನ ರಸ್ತೆ ಬೋರ್ಡುಗಳ ಮೇಲಿದ್ದವರು.

ಗಡಿಬಿಡಿಯ ಗುರುತುಗಳೂ ಉಳಿದಿವೆ. ಸ್ಮಿದರ್ಸ್ ಮೊದಲ ಸೀಸನ್‌ನ ಒಂದು ಕಂತಿನಲ್ಲಿ ಕಂದು ಮೈಬಣ್ಣದವನಾಗಿ ಕಾಣಿಸುತ್ತಾನೆ. ಬಣ್ಣ ತುಂಬುವಾಗ ಆದ ಎಡವಟ್ಟು. ಮುಂದೆ ಎಲ್ಲರಂತೆ ಹಳದಿಯಾದ.

ಆರು ಜನ, ಒಂದು ಊರು

ನಮಗೆ ಡಬ್ಬಿಂಗ್ ಗೊತ್ತು. ಮೊದಲು ಚಿತ್ರ, ಆಮೇಲೆ ತುಟಿ ನೋಡಿಕೊಂಡು ದನಿ. ಈ ಶೋಗಳಲ್ಲಿ ಕೆಲಸ ಉಲ್ಟಾ. ಮೊದಲು ಕಲಾವಿದರ ದನಿ ರೆಕಾರ್ಡ್ ಆಗುತ್ತದೆ, ಆ ದನಿಗೆ ತಕ್ಕಂತೆ ಚಿತ್ರಕಾರರು ಮುಖ ಬಿಡಿಸುತ್ತಾರೆ. ಅಂದರೆ ಪಾತ್ರದ ಉಸಿರು, ನಿಧಾನ, ತೊದಲು ಎಲ್ಲವೂ ಮೈಕ್ ಮುಂದೆ ನಿಂತವರಿಂದ ಬರುತ್ತದೆ. ಒಂದು ಪೋಷಕ ಪಾತ್ರ ದೊಡ್ಡದಾಗಿ ಬೆಳೆಯುವುದು ಬಹಳ ಸಲ ಇಲ್ಲೇ. ಕಾಗದದ ಮೇಲೆ ಒಂದೇ ಸಾಲಿದ್ದ ಪಾತ್ರಕ್ಕೆ ಯಾರೋ ಒಂದು ವಿಚಿತ್ರ ದನಿ ಕೊಡುತ್ತಾರೆ, ಬರೆಯುವವರು ಬಿದ್ದು ಬಿದ್ದು ನಗುತ್ತಾರೆ, ಮುಂದಿನ ಸಲ ಅವನಿಗೆ ಹತ್ತು ಸಾಲು.

ಸಿಂಪ್ಸನ್ಸ್‌ನ ಮುಖ್ಯ ಕಲಾವಿದರು ಆರೇ ಜನ: ಡಾನ್ ಕ್ಯಾಸ್ಟೆಲನೆಟಾ, ಜೂಲಿ ಕಾವ್ನರ್, ನ್ಯಾನ್ಸಿ ಕಾರ್ಟ್‌ರೈಟ್, ಯಾರ್ಡ್ಲಿ ಸ್ಮಿತ್, ಹ್ಯಾಂಕ್ ಅಝೇರಿಯಾ, ಹ್ಯಾರಿ ಶಿಯರರ್. ಹೋಮರ್‌ಗೆ ದನಿ ಕೊಡುವ ಕ್ಯಾಸ್ಟೆಲನೆಟಾ ಅವರೇ ಅಜ್ಜ, ಜೋಕರ್ ಕ್ರಸ್ಟಿ, ಕುಡುಕ ಬಾರ್ನಿ, ಶಾಲೆಯ ಮಾಲಿ ವಿಲ್ಲಿ. ಅಝೇರಿಯಾ ಅವರು ಮೋ, ಪೊಲೀಸ್ ಮುಖ್ಯಸ್ಥ ವಿಗ್ಗಮ್, ಕಾಮಿಕ್ಸ್ ಅಂಗಡಿಯವನು, ಸೂಪರಿಂಟೆಂಡೆಂಟ್ ಚಾಮರ್ಸ್. ಶಿಯರರ್ ಅವರದು ಇನ್ನೂ ಮಜಾ. ಸ್ಥಾವರದ ಧಣಿ ಮಿಸ್ಟರ್ ಬರ್ನ್ಸ್ ಅವರೇ, ಅವನ ಕಾಲಿಗೆ ಬೀಳುವ ಸ್ಮಿದರ್ಸ್ ಕೂಡ ಅವರೇ. ಆ ಇಬ್ಬರ ನಡುವಿನ ಅಷ್ಟೂ ಸಂಭಾಷಣೆ ಒಬ್ಬ ಮನುಷ್ಯ ತನ್ನ ಜೊತೆ ತಾನೇ ಮಾತಾಡಿಕೊಂಡದ್ದು!

ಯಕ್ಷಗಾನ ನೋಡಿದವರಿಗೆ ಇದು ಹೊಸದೇನೂ ಅಲ್ಲ. ಒಂದೇ ರಾತ್ರಿಯಲ್ಲಿ ಹಾಸ್ಯಗಾರರು ದೂತನಾಗಿ ಬರುತ್ತಾರೆ, ಬ್ರಾಹ್ಮಣನಾಗಿ ಬರುತ್ತಾರೆ, ಮುದುಕಿಯಾಗಿಯೂ ಬರುತ್ತಾರೆ. ಅರ್ಜುನ, ಕರ್ಣರು ತಮ್ಮ ಒಂದೇ ವೇಷದಲ್ಲಿ ಮೆರೆಯುವಾಗ ಉಳಿದ ಜನರನ್ನೆಲ್ಲ ರಂಗದ ಮೇಲೆ ತರುವ ಜವಾಬ್ದಾರಿ ಹಾಸ್ಯಗಾರರ ಮೇಲೆ. ಮೋನ ಮಾತಿಗೆ ವಿಗ್ಗಮ್ ಉತ್ತರ ಕೊಡುವುದನ್ನು ಕೇಳುವಾಗ ನನಗೆ ಅದೇ ಕಸುಬು ಕಾಣುತ್ತದೆ.

ಆದರೆ ಈ ಕಸುಬಿಗೆ ಇನ್ನೊಂದು ಮುಖ ಇದೆ. ದನಿ ಹೋದರೆ ಪಾತ್ರವೂ ಹೋಗುತ್ತದೆ. ಫಿಲ್ ಹಾರ್ಟ್‌ಮನ್ ಅವರು ಹಳೇ ನಟ ಟ್ರಾಯ್ ಮೆಕ್‌ಲೂರ್ ಮತ್ತು ಬೋಗಸ್ ಲಾಯರ್ ಲಯನೆಲ್ ಹಟ್ಸ್ ಪಾತ್ರಗಳಿಗೆ ದನಿಯಾಗಿದ್ದರು. 1998ರ ಮೇ ತಿಂಗಳಲ್ಲಿ ಅವರ ಕೊಲೆಯಾಯಿತು. ಶೋದವರು ಬೇರೆಯವರನ್ನು ತರಲಿಲ್ಲ. ಎರಡೂ ಪಾತ್ರಗಳನ್ನು ಅಲ್ಲಿಗೇ ನಿಲ್ಲಿಸಿದರು. ನನಗೆ ಇವತ್ತಿಗೂ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕೋರ್ಟ್ ದೃಶ್ಯ ಬಂದರೆ ಹಟ್ಸ್ ಇರಬೇಕಿತ್ತು ಅನ್ನಿಸುತ್ತದೆ.

ನೆಡ್ ಫ್ಲಾಂಡರ್ಸ್‌ನ ಸಂಸಾರದ ಕಥೆಯನ್ನೇ ತೆಗೆದುಕೊಳ್ಳಿ. ಅದನ್ನು ಬರೆದದ್ದು ಅರ್ಧ ಲೇಖಕರು, ಇನ್ನರ್ಧ ಸಂಬಳದ ಚೀಟಿ. ಅವನ ಹೆಂಡತಿ ಮಾಡ್‌ಗೆ ದನಿ ಕೊಡುತ್ತಿದ್ದವರು ಮ್ಯಾಗಿ ರಾಸ್‌ವೆಲ್. ಅವರು ಡೆನ್ವರ್‌ನಿಂದ ಲಾಸ್ ಏಂಜಲೀಸ್‌ಗೆ ಓಡಾಡಿ ಕೆಲಸ ಮಾಡುತ್ತಿದ್ದರು. ಸಂಬಳದ ಮಾತುಕತೆ ಮುರಿದುಬಿದ್ದು 1999ರಲ್ಲಿ ಹೊರನಡೆದರು. 2000ದ ಫೆಬ್ರವರಿಯಲ್ಲಿ ಬಂದ ಕಂತಿನಲ್ಲಿ, ರೇಸ್ ನೋಡಲು ಹೋದ ಮಾಡ್ ಟಿ-ಶರ್ಟ್ ಹಾರಿಸುವ ತೋಪಿನ ಹೊಡೆತಕ್ಕೆ ಗ್ಯಾಲರಿಯಿಂದ ಬಿದ್ದು ಸತ್ತುಹೋಗುತ್ತಾಳೆ. ನೆಡ್ ವಿಧುರನಾದ. ಮುಂದೆ 2011ರಲ್ಲಿ ಶಾಲೆಯ ಟೀಚರ್ ಎಡ್ನಾ ಕ್ರಬಾಪಲ್ ಜೊತೆ ಅವನಿಗೆ ಸ್ನೇಹ ಕುದುರಿತು. ಈ ಜೋಡಿ ಇರಲೋ ಬೇಡವೋ ಅಂತ ನೋಡುಗರ ಹತ್ತಿರ ಮತ ಕೇಳಿದರು, ಇರಲಿ ಅಂತಾಯಿತು. ಮದುವೆಯೂ ಆಯಿತು. ಆದರೆ ಎಡ್ನಾಗೆ ದನಿಯಾಗಿದ್ದ ಮಾರ್ಸಿಯಾ ವಾಲೇಸ್ 2013ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಪಾತ್ರವನ್ನು ನಿಲ್ಲಿಸಿದರು. ನೆಡ್ ಎರಡನೇ ಸಲ ಒಂಟಿಯಾದ. ಕಂತಿನ ಶುರುವಿನಲ್ಲಿ ಶಾಲೆಯ ಬೋರ್ಡ್ ಮೇಲೆ ಏನಾದರೂ ತಲೆಹರಟೆ ಬರೆಯುವ ಬಾರ್ಟ್, ಆ ಸಲ ಟೀಚರ್ ಇಲ್ಲದ್ದು ಬೇಜಾರು ಅಂತ ಒಂದೇ ಸಾಲು ಬರೆದ.

ಚಿತ್ರದಲ್ಲಿರುವವರಿಗೆ ವಯಸ್ಸಾಗುವುದಿಲ್ಲ, ನಿಜ. ಅವರ ಗಂಟಲಿಗೆ ಆಗುತ್ತದೆ.

ಮೂರು ನಿಮಿಷದ ಊಟ

ಒಳ್ಳೆಯ ಪೋಷಕ ಪಾತ್ರ ಅಂದರೇನು ಅಂತ ತೋರಿಸಲು ನಾನು ಯಾವಾಗಲೂ ಕೊಡುವ ಉದಾಹರಣೆ 1996ರ ಏಪ್ರಿಲ್‌ನಲ್ಲಿ ಬಂದ ‘22 ಶಾರ್ಟ್ ಫಿಲ್ಮ್ಸ್ ಅಬೌಟ್ ಸ್ಪ್ರಿಂಗ್‌ಫೀಲ್ಡ್’. ಆ ಕಂತಿಗೆ ಒಂದು ಮುಖ್ಯ ಕಥೆ ಅಂತಲೇ ಇಲ್ಲ. ಊರಿನ ಒಬ್ಬೊಬ್ಬರಿಗೂ ಒಂದೊಂದು ಚೂರು. ಅದರಲ್ಲಿ ಒಂದು ಚೂರನ್ನು ಬರೆದವರು ಬಿಲ್ ಓಕ್ಲಿ. ಇಂಟರ್ನೆಟ್ ಅದನ್ನು ‘ಸ್ಟೀಮ್ಡ್ ಹ್ಯಾಮ್ಸ್’ ಅಂತ ಕರೆಯುತ್ತದೆ.

ಪ್ರಿನ್ಸಿಪಾಲ್ ಸ್ಕಿನ್ನರ್ ತನ್ನ ಮೇಲಧಿಕಾರಿ ಚಾಮರ್ಸ್‌ನನ್ನು ಮನೆಗೆ ಊಟಕ್ಕೆ ಕರೆದಿದ್ದಾನೆ. ಓವನ್‌ನಲ್ಲಿಟ್ಟ ಮಾಂಸ ಕರಕಲಾಗಿದೆ. ಸ್ಕಿನ್ನರ್ ಕಿಟಕಿ ಹಾರಿ ಎದುರಿನ ಅಂಗಡಿಯಿಂದ ಬರ್ಗರ್ ತಂದು ತಟ್ಟೆಗೆ ಹಾಕಿ, ಇದು ನಾನೇ ಮಾಡಿದ್ದು ಅನ್ನುತ್ತಾನೆ. ಚಾಮರ್ಸ್ ಒಂದೊಂದೇ ಪ್ರಶ್ನೆ ಕೇಳುತ್ತಾನೆ. ಸ್ಕಿನ್ನರ್ ಪ್ರತಿ ಪ್ರಶ್ನೆಗೂ ಇನ್ನೂ ದೊಡ್ಡ ಸುಳ್ಳು ಹೇಳುತ್ತಾನೆ. ಅಷ್ಟರಲ್ಲಿ ಅಡುಗೆಮನೆಗೆ ಬೆಂಕಿ ಹತ್ತಿಕೊಂಡಿದೆ. ಅದೇನು ಬೆಳಕು ಅಂದರೆ, ಉತ್ತರ ಧ್ರುವದ ಕಡೆ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು ಅನ್ನುತ್ತಾನೆ. ಈ ತಿಂಗಳಲ್ಲಿ, ಈ ಹೊತ್ತಲ್ಲಿ, ಈ ಊರಲ್ಲಿ, ಅದೂ ನಿನ್ನ ಅಡುಗೆಮನೆ ಒಳಗೆ? ಹೌದು ಸಾರ್. ನೋಡಬಹುದಾ? ಆಗಲ್ಲ.

ಇಡೀ ದೃಶ್ಯ ಮೂರು ನಿಮಿಷವೂ ಇಲ್ಲ. ಸಿಂಪ್ಸನ್ ಮನೆಯವರು ಯಾರೂ ಅದರಲ್ಲಿಲ್ಲ. ಆದರೂ ಪ್ರಸಾರವಾಗಿ ಇಪ್ಪತ್ತು ವರ್ಷ ಕಳೆದ ಮೇಲೆ ಅದರ ಮೇಲೆ ಸಾವಿರಾರು ಮೀಮ್‌ಗಳು ಹುಟ್ಟಿಕೊಂಡವು. ಬೇರೆ ಬೇರೆ ಶೈಲಿಯಲ್ಲಿ ಮತ್ತೆ ಮತ್ತೆ ಬಿಡಿಸಿದರು, ಹಾಡಿಗೆ ಹೊಂದಿಸಿದರು.

ಯಾಕೆ ಇಷ್ಟು ಹಿಡಿಸಿತು? ಜೋಕ್‌ಗಳು ಚೆನ್ನಾಗಿವೆ, ಅದು ಇದ್ದದ್ದೇ. ನನಗೆ ಮುಖ್ಯ ಅನ್ನಿಸುವುದು ಬೇರೆ. ಸ್ಕಿನ್ನರ್‌ಗೆ ಏನು ಬೇಕು ಅನ್ನುವುದು ಮೊದಲ ಸೆಕೆಂಡಿನಲ್ಲೇ ಗೊತ್ತಾಗುತ್ತದೆ. ಸಾಹೇಬರಿಂದ ಒಂದು ಶಹಬ್ಬಾಸ್. ಅಷ್ಟೇ. ಆ ಸಣ್ಣ ಆಸೆಗಾಗಿ ಮನೆ ಸುಟ್ಟುಹೋದರೂ ಪರವಾಗಿಲ್ಲ ಅನ್ನುವ ಮನುಷ್ಯ ಅವನು. ಇನ್ನು ಚಾಮರ್ಸ್. ಅವನಿಗೆ ಎಲ್ಲ ಸುಳ್ಳು ಅಂತ ಗೊತ್ತು. ಆದರೂ ಕೊನೆಯ ಪ್ರಶ್ನೆ ಕೇಳದೆ, ನೀನು ವಿಚಿತ್ರ ಮನುಷ್ಯ, ಆದರೂ ಬರ್ಗರ್ ಚೆನ್ನಾಗಿತ್ತು ಅನ್ನುವ ಧಾಟಿಯಲ್ಲಿ ಮಾತಾಡಿ ಹೊರಡುತ್ತಾನೆ. ಇಂಥ ಸಾಹೇಬರು, ಇಂಥ ಕೈಕೆಳಗಿನವರು ಎಲ್ಲ ಆಫೀಸಿನಲ್ಲೂ ಇರುತ್ತಾರೆ, ಅಲ್ವಾ? ಸ್ಕಿನ್ನರ್ ದನಿ ಶಿಯರರ್, ಚಾಮರ್ಸ್ ದನಿ ಅಝೇರಿಯಾ. ಬೆಂಕಿ ಬೆಂಕಿ ಅಂತ ಕೂಗುವ ಅಮ್ಮನನ್ನು ಬಿಟ್ಟರೆ ಎರಡೇ ಗಂಟಲಿನ ಕೆಲಸ.

ಇದೇ ಸ್ಕಿನ್ನರ್‌ನನ್ನು ಹಾಳು ಮಾಡಲು ಹೊರಟದ್ದೂ ಇದೇ ಶೋ. 1997ರ ಒಂದು ಕಂತಿನಲ್ಲಿ, ಇವನು ಸ್ಕಿನ್ನರೇ ಅಲ್ಲ, ಬೇರೊಬ್ಬನ ಹೆಸರು ಹಾಕಿಕೊಂಡು ಬದುಕುತ್ತಿರುವ ಆರ್ಮಿನ್ ಟಮ್ಜೇರಿಯನ್ ಅನ್ನುವವನು ಅಂತ ತೋರಿಸಿದರು. ಅಭಿಮಾನಿಗಳು ಉರಿದುಬಿದ್ದರು. ದನಿ ಕೊಟ್ಟ ಶಿಯರರ್ ಅವರೇ ಇದು ತಪ್ಪು ಅಂತ ಬಹಿರಂಗವಾಗಿ ಹೇಳಿದರು. ನಾನೂ ಅವರ ಪಕ್ಷ. ಪೋಷಕ ಪಾತ್ರದ ಹಿಂದಿನ ಬದುಕನ್ನು ನಾವು ತುಣುಕು ತುಣುಕಾಗಿ ಮನಸ್ಸಲ್ಲಿ ಕಟ್ಟಿಕೊಂಡಿರುತ್ತೇವೆ. ಅದನ್ನು ಒಂದೇ ಏಟಿಗೆ ಸುಳ್ಳು ಮಾಡಿದರೆ ನೋಡುವವನ ಶ್ರಮವೂ ಸುಳ್ಳಾಗುತ್ತದೆ.

ಫ್ಲಾಂಡರ್ಸ್ ಸವೆದದ್ದು ಹೇಗೆ

ಪಾತ್ರ ಸವೆಯುವುದಕ್ಕೆ ಅಭಿಮಾನಿಗಳು ಇಟ್ಟ ಹೆಸರು ‘ಫ್ಲಾಂಡರೈಸೇಷನ್’. ಹೆಸರು ಬಂದದ್ದು ಪಾಪ ನೆಡ್‌ನಿಂದಲೇ.

1990ರ ನೆಡ್ ಹೇಗಿದ್ದ ನೋಡಿ. ಆಗ ಬಂದ ಮಿನಿ ಗಾಲ್ಫ್ ಕಥೆಯಲ್ಲಿ ಅವನು ಹೋಮರ್‌ನನ್ನು ಮನೆಗೆ ಕರೆದು ಬಿಯರ್ ಕೊಡುತ್ತಾನೆ. ಅವನ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬಿಯರ್! ಮನೆ ಅಚ್ಚುಕಟ್ಟು, ಮಗ ಮರ್ಯಾದಸ್ಥ, ಹೆಂಡತಿ ಖುಷಿಯಾಗಿದ್ದಾಳೆ. ಹೋಮರ್‌ಗೆ ಮೈ ಉರಿಯುವುದು ಅದಕ್ಕೆ. ಅವನು ಚರ್ಚ್‌ಗೆ ಹೋಗುತ್ತಾನೆ, ಹೌದು, ಆದರೆ ಅದು ಅವನ ಒಳ್ಳೆಯತನದ ಒಂದು ಭಾಗ. 1991ರಲ್ಲಿ ಅವನು ಎಡಚರಿಗಾಗಿಯೇ ಒಂದು ಅಂಗಡಿ ತೆರೆಯುತ್ತಾನೆ. ಹೋಮರ್ ಅದು ಮುಳುಗಲಿ ಅಂತ ಬಯಸುತ್ತಾನೆ. ಮುಳುಗುತ್ತದೆ. ಆಗ ಹೋಮರ್‌ಗೇ ಹೊಟ್ಟೆ ಚುರುಕ್ ಅಂದು, ಊರಿನ ಎಡಚರನ್ನೆಲ್ಲ ಕರೆತರುತ್ತಾನೆ. ಪಕ್ಕದ ಮನೆಯವರ ಮೇಲಿನ ಹೊಟ್ಟೆಕಿಚ್ಚನ್ನು ಇಷ್ಟು ಚೆನ್ನಾಗಿ ತೋರಿಸಿದ ಕಾಮಿಡಿ ಕಡಿಮೆ.

ವರ್ಷ ಕಳೆದ ಹಾಗೆ ಒಳ್ಳೆಯ ನೆರೆಯವನು ಹಿಂದಕ್ಕೆ ಸರಿದ, ಬೈಬಲ್ ಮುಂದೆ ಬಂತು. ಆಮೇಲೆ ಬೈಬಲ್ ಬಿಟ್ಟು ಬೇರೇನೂ ಉಳಿಯಲಿಲ್ಲ. ಯಾಕೆ ಹೀಗಾಗುತ್ತದೆ? ಬರೆಯುವವರ ಕೋಣೆಯನ್ನು ಊಹಿಸಿಕೊಳ್ಳಿ. ಕಂತಿನಲ್ಲಿ ನೆಡ್‌ಗೆ ಸಿಗುವುದು ಹದಿನೈದು ಸೆಕೆಂಡು. ಅಷ್ಟರಲ್ಲಿ ನಗು ಬರಬೇಕು. ಯಾವ ಜೋಕ್ ಖಂಡಿತ ಕೆಲಸ ಮಾಡುತ್ತದೆ? ಹೋದ ಸಲ ಮಾಡಿದ್ದು. ಹೊಸ ಲೇಖಕರು ಸೇರುತ್ತಾರೆ. ಅವರು ಈ ಶೋ ನೋಡುತ್ತಲೇ ಬೆಳೆದವರು. ಅವರಿಗೆ ನೆನಪಿರುವುದೂ ಆ ಜೋಕೇ. ಯಾರೂ ಬೇಕಂತ ಕೆಡಿಸುವುದಿಲ್ಲ. ಗಡುವು ಮತ್ತು ಅಭ್ಯಾಸ ಸೇರಿ ಕೆಡಿಸುತ್ತವೆ.

ಇದಕ್ಕೆ ಮದ್ದೂ ಅದೇ ಶೋದಲ್ಲಿದೆ. 1996ರ ಕೊನೆಯಲ್ಲಿ ಬಂದ ‘ಹರಿಕೇನ್ ನೆಡ್ಡಿ’ಯಲ್ಲಿ ಚಂಡಮಾರುತ ಇಡೀ ಊರಲ್ಲಿ ನೆಡ್‌ನ ಮನೆಯೊಂದನ್ನೇ ಕೆಡವುತ್ತದೆ. ಊರವರು ಸೇರಿ ಕಟ್ಟಿಕೊಟ್ಟ ಮನೆ ಕ್ಷಣದಲ್ಲಿ ಕುಸಿಯುತ್ತದೆ. ಆಗ ನೆಡ್ ಮೊದಲ ಸಲ ಬಾಯಿಗೆ ಬಂದಂತೆ ಎಲ್ಲರನ್ನೂ ಬೈಯುತ್ತಾನೆ, ಒಬ್ಬೊಬ್ಬರನ್ನೂ ಹೆಸರು ಹಿಡಿದು. ಆಮೇಲೆ ಗೊತ್ತಾಗುತ್ತದೆ, ಚಿಕ್ಕಂದಿನಲ್ಲಿ ಅವನ ಸಿಟ್ಟನ್ನು ಅದುಮಿಡಲು ಡಾಕ್ಟರ್ ಒಬ್ಬರು ಕೊಟ್ಟ ಚಿಕಿತ್ಸೆಯ ಫಲವೇ ಅವನ ಈ ಸದಾ ನಗುವ ಮಾತು. ಅಷ್ಟು ವರ್ಷ ನಾವು ನಗುತ್ತಿದ್ದ ಒಂದು ಚಾಳಿಯ ಕೆಳಗೆ ಒಬ್ಬ ಮನುಷ್ಯ ಸಿಕ್ಕ.

ಅಪು ಮತ್ತು ಕಾನ್

ಭಾರತೀಯರಾಗಿ ನಾವು ತಪ್ಪಿಸಿಕೊಳ್ಳಲಾಗದ ಪೋಷಕ ಪಾತ್ರ ಅಪು. ಸ್ಪ್ರಿಂಗ್‌ಫೀಲ್ಡ್‌ನ ದಿನಸಿ ಅಂಗಡಿಯವನು. 1990ರಿಂದ ಇದ್ದಾನೆ. ಹೆಸರು ಸತ್ಯಜಿತ್ ರೇ ಚಿತ್ರಗಳ ಅಪುವಿನದು. ಅಡ್ಡಹೆಸರು ನಹಸಪೀಮಪೆಟಿಲಾನ್. ಭಾರತದ ಯಾವ ಮೂಲೆಯಲ್ಲೂ ಇಲ್ಲದ ಹೆಸರು, ಕೇಳಿದರೆ ನಗು ಬರಲಿ ಅಂತ ಕಟ್ಟಿದ್ದು.

ಪಾತ್ರವಾಗಿ ನೋಡಿದರೆ ಅಪು ಟೊಳ್ಳಲ್ಲ. ಡಾಕ್ಟರೇಟ್ ಓದಿದವನು, ಸಾಲ ತೀರಿಸಲು ಅಂಗಡಿಯಲ್ಲಿ ನಿಂತವನು, ಮಂಜುಳಾ ಅನ್ನುವವಳನ್ನು ಮದುವೆಯಾಗಿ ಎಂಟು ಮಕ್ಕಳನ್ನು ಒಟ್ಟಿಗೇ ಪಡೆದವನು. 1996ರ ಒಂದು ಕಂತಿನಲ್ಲಿ ಪೌರತ್ವದ ಪರೀಕ್ಷೆಗೆ ಕೂರುತ್ತಾನೆ. ಅಂತರ್ಯುದ್ಧಕ್ಕೆ ಕಾರಣವೇನು ಅಂತ ಕೇಳುತ್ತಾರೆ. ಅಪು ಅದರ ಹಲವು ಕಾರಣಗಳನ್ನು ಬಿಡಿಸಿ ಹೇಳಲು ಶುರು ಮಾಡುತ್ತಾನೆ. ಅಧಿಕಾರಿ ತಡೆದು, ಸುಮ್ನೆ ಗುಲಾಮಗಿರಿ ಅಂತ ಹೇಳಪ್ಪ ಸಾಕು ಅನ್ನುತ್ತಾನೆ. ಹೊರಗಿನಿಂದ ಬಂದವನಿಗೆ ಆ ದೇಶದ ಚರಿತ್ರೆ ಆ ದೇಶದವರಿಗಿಂತ ಚೆನ್ನಾಗಿ ಗೊತ್ತು. ಒಳ್ಳೆಯ ಬರವಣಿಗೆ.

ಆದರೆ ಅವನ ದನಿಯೇ ಒಂದು ಜೋಕ್ ಆಗಿತ್ತು. ಕೊಟ್ಟವರು ಅಝೇರಿಯಾ, ಬಿಳಿಯ ಕಲಾವಿದರು. ಅಮೆರಿಕದ ಟಿವಿಯಲ್ಲಿ ಆಗ ಬೇರೆ ಭಾರತೀಯ ಮುಖಗಳೇ ವಿರಳ. ಊರಿಗೊಬ್ಬನೇ ಇದ್ದಾಗ ಅವನು ತನ್ನ ಪ್ರತಿನಿಧಿ ಆಗಿರುವುದಿಲ್ಲ, ಎಲ್ಲರ ಪ್ರತಿನಿಧಿ ಆಗಿಬಿಡುತ್ತಾನೆ. ಅಲ್ಲಿ ಶಾಲೆಗೆ ಹೋದ ನಮ್ಮ ಕಡೆಯ ಮಕ್ಕಳಿಗೆ, ಕನ್ನಡದ ಮನೆಯ ಮಕ್ಕಳೂ ಸೇರಿ, ಸಹಪಾಠಿಗಳು ಆ ದನಿಯನ್ನೇ ಅಣಕಿಸಿ ತೋರಿಸುತ್ತಿದ್ದರು. ಹರಿ ಕೊಂಡಬೋಲು ಅನ್ನುವ ಹಾಸ್ಯಕಲಾವಿದರು 2017ರಲ್ಲಿ ಇದರ ಮೇಲೊಂದು ಸಾಕ್ಷ್ಯಚಿತ್ರ ಮಾಡಿದರು. 2018ರಲ್ಲಿ ಶೋ ಕೊಟ್ಟ ಉತ್ತರ ಬಹಳ ಸಪ್ಪೆ: ಹೋಮರ್‌ನ ಮಗಳು ಲೀಸಾ ಕ್ಯಾಮೆರಾ ಕಡೆ ತಿರುಗಿ, ಕಾಲ ಬದಲಾದರೆ ಏನು ಮಾಡಕ್ಕಾಗುತ್ತೆ ಅನ್ನುವ ಅರ್ಥದ ಮಾತಾಡುತ್ತಾಳೆ. ಇಂಥ ವಿಷಯಕ್ಕೆ ದನಿ ಎತ್ತುವ ಹುಡುಗಿ ಲೀಸಾಳ ಬಾಯಲ್ಲೇ ಅದನ್ನು ಹೇಳಿಸಿದ್ದು ನನಗೆ ಜಾಸ್ತಿ ಬೇಸರ ತಂದಿತು. 2020ರ ಜನವರಿಯಲ್ಲಿ ಅಝೇರಿಯಾ ಇನ್ನು ಅಪುವಿಗೆ ದನಿ ಕೊಡುವುದಿಲ್ಲ ಅಂದರು. ಅದೇ ವರ್ಷ, ಬಿಳಿಯರಲ್ಲದ ಪಾತ್ರಗಳಿಗೆ ಬಿಳಿಯ ಕಲಾವಿದರ ದನಿ ಇರುವುದಿಲ್ಲ ಅಂತ ಶೋ ಕೂಡ ಘೋಷಿಸಿತು. ಆಮೇಲೆ ಅಪು ಹಿನ್ನೆಲೆಯಲ್ಲಿ ಮಾತಿಲ್ಲದೆ ನಿಂತಿದ್ದಾನೆ. ಹೊಸ ದನಿ ಕೊಟ್ಟು, ಹೊಸ ಕಥೆ ಕೊಟ್ಟು ಮುಂದಕ್ಕೆ ತರುವ ದಾರಿ ಇತ್ತು. ಅದನ್ನು ಹಿಡಿಯಲಿಲ್ಲ.

ಇದರ ಪಕ್ಕದಲ್ಲಿ ‘ಕಿಂಗ್ ಆಫ್ ದಿ ಹಿಲ್’ನ ಕಾನ್‌ನನ್ನು ಇಟ್ಟು ನೋಡಿ. ಮೈಕ್ ಜಡ್ಜ್ ಮತ್ತು ಗ್ರೆಗ್ ಡೇನಿಯಲ್ಸ್ 1997ರಲ್ಲಿ ಶುರು ಮಾಡಿದ ಈ ಶೋ ಟೆಕ್ಸಸ್‌ನ ಆರ್ಲೆನ್ ಅನ್ನುವ ಕಾಲ್ಪನಿಕ ಊರಿನದು. ಕಥಾನಾಯಕ ಹ್ಯಾಂಕ್ ಹಿಲ್ ಪಕ್ಕದ ಮನೆಗೆ ಲಾವೋಸ್ ಮೂಲದ ಕಾನ್ ಬರುತ್ತಾನೆ. ನೀನು ಚೀನಾದವನಾ, ಜಪಾನಿನವನಾ ಅಂತ ಕೇಳುತ್ತಾರೆ. ಲಾವೋಸ್ ಎಲ್ಲಿದೆ, ಎಷ್ಟು ಜನ ಇದ್ದಾರೆ ಅಂತೆಲ್ಲ ಅವನು ವಿವರಿಸುತ್ತಾನೆ. ಎಲ್ಲ ಕೇಳಿಸಿಕೊಂಡು ಹ್ಯಾಂಕ್ ಮತ್ತೆ ಅದನ್ನೇ ಕೇಳುತ್ತಾನೆ: ಹಾಗಾದರೆ ಚೀನಾದವನಾ, ಜಪಾನಿನವನಾ? ನಗು ಬೀಳುವುದು ಕೇಳಿದವನ ಮೇಲೆ. ಕಾನ್ ಸಾಧು ಅಲ್ಲವೇ ಅಲ್ಲ. ಜಂಬದವನು, ಪಕ್ಕದವರನ್ನು ಹಳ್ಳಿಗುಗ್ಗು ಅಂತ ಹೀಯಾಳಿಸುವವನು, ಮಗಳ ಮಾರ್ಕ್ಸ್ ಬಗ್ಗೆ ಕೊಚ್ಚಿಕೊಳ್ಳುವವನು. ಅವನಿಗೂ ಆಗ ದನಿ ಕೊಟ್ಟವರು ಬಿಳಿಯ ಕಲಾವಿದರೇ, ಆ ತಕರಾರು ಇಲ್ಲೂ ನಿಲ್ಲುತ್ತದೆ. ಬರವಣಿಗೆಯಲ್ಲಿ ಮಾತ್ರ ಅವನಿಗೆ ಸಿಕ್ಕ ಜಾಗ ದೊಡ್ಡದು.

ನಿಜ ಹೇಳಬೇಕು ಅಂದರೆ ಪೋಷಕ ಪಾತ್ರಗಳ ಪಂದ್ಯದಲ್ಲಿ ನನ್ನ ಮತ ಈ ಶೋಗೆ. ಡೇಲ್ ಗ್ರಿಬಲ್ ಒಬ್ಬನೇ ಸಾಕು. ಹುಳ ಸಾಯಿಸುವ ಔಷಧಿ ಹೊಡೆಯುವ ಕೆಲಸದವನು. ಸರ್ಕಾರ, ಸ್ಯಾಟಲೈಟು, ವಿಶ್ವಸಂಸ್ಥೆ, ಎಲ್ಲದರ ಮೇಲೂ ಅನುಮಾನ. ಅನುಮಾನ ಇಲ್ಲದಿರುವುದು ಹೆಂಡತಿ ಮೇಲೆ ಮಾತ್ರ. ಅವಳಿಗೆ ವರ್ಷಗಟ್ಟಲೆ ಬೇರೆಯವನ ಜೊತೆ ಸಂಬಂಧ ಇತ್ತು, ಮಗ ಜೋಸೆಫ್ ನೋಡಲು ಥೇಟ್ ಅವನ ಹಾಗೆಯೇ ಇದ್ದಾನೆ. ಬೀದಿಗೆಲ್ಲ ಗೊತ್ತು. ಒಮ್ಮೆ ಡೇಲ್‌ಗೆ ಲೆಕ್ಕ ತಪ್ಪಿದಂತೆ ಕಂಡಾಗಲೂ, ಇದು ಅನ್ಯಗ್ರಹದವರ ಕೆಲಸ ಅಂತ ತೀರ್ಮಾನಿಸುತ್ತಾನೆ. ಬರೀ ಮಂಕ ಅಂತ ನಗಬಹುದು. ಆದರೆ ಅವನು ಮಗನನ್ನು ಎಷ್ಟು ಪ್ರೀತಿಸುತ್ತಾನೆ ಅಂದರೆ, ಈ ಗುಟ್ಟು ಅವನಿಗೆ ತಿಳಿಯದಿರಲಿ ಅಂತ ನೋಡುವವರೇ ಹಾರೈಸುತ್ತಾರೆ. ಇನ್ನೊಬ್ಬ ಬಿಲ್, ಸೈನ್ಯದಲ್ಲಿ ಕ್ಷೌರಿಕ, ಬಿಟ್ಟುಹೋದ ಹೆಂಡತಿಯ ನೆನಪಲ್ಲೇ ಕೊರಗುವವನು. ಒಂದು ಕಂತಿನಲ್ಲಿ ಅವಳ ಬಟ್ಟೆ ತೊಟ್ಟು ತಾನೇ ಅವಳು ಅಂತ ಪಾರ್ಟಿಗೆ ಬರುತ್ತಾನೆ. ಸಂಕೋಚದ ಮುದ್ದೆಯಾದ ಹ್ಯಾಂಕ್ ಆಗ ತಾನೂ ಹೆಣ್ಣಿನ ಬಟ್ಟೆ ಹಾಕಿಕೊಂಡು, ಅವಳಾಗಿ ಬಂದು, ನಮ್ಮ ಕಥೆ ಮುಗಿಯಿತು ಅಂತ ಬಿಲ್‌ಗೆ ಹೇಳುತ್ತಾನೆ. ನಗುತ್ತಲೇ ಗಂಟಲು ಕಟ್ಟುತ್ತದೆ.

ಮುಂಬಡ್ತಿ ಕೊಟ್ಟರೆ?

ಪೋಷಕ ಪಾತ್ರ ಇಷ್ಟು ಚೆನ್ನಾಗಿದ್ದರೆ ಅದನ್ನೇ ನಾಯಕ ಮಾಡಬಾರದಾ? ಫಾಕ್ಸ್ ಮಾಡಿ ನೋಡಿತು. ತನ್ನ ಇನ್ನೊಂದು ಕಾರ್ಟೂನ್ ಶೋ ‘ಫ್ಯಾಮಿಲಿ ಗೈ’ನಲ್ಲಿ ನಾಯಕನ ಸೌಮ್ಯ ಸ್ನೇಹಿತನಾಗಿದ್ದ ಕ್ಲೀವ್‌ಲ್ಯಾಂಡ್‌ಗೆ 2009ರಲ್ಲಿ ಸ್ವಂತ ಶೋ ಸಿಕ್ಕಿತು. ನಾಲ್ಕು ಸೀಸನ್ ಓಡಿ 2013ರಲ್ಲಿ ನಿಂತಿತು. ಅವನು ಹಳೇ ಶೋಗೆ ವಾಪಸ್ ಬಂದ. ಸುತ್ತ ಹುಚ್ಚಾಟ ನಡೆಯುವಾಗ ಮೆತ್ತಗೆ ಒಂದು ಮಾತು ಹೇಳುವುದರಲ್ಲಿ ಅವನ ಮಜಾ ಇತ್ತು. ಅವನನ್ನೇ ನಡುವೆ ಕೂರಿಸಿದರೆ ಮೆತ್ತಗಿರಲು ಕಾರಣವೇ ಇರಲಿಲ್ಲ. ಸಿಂಪ್ಸನ್ಸ್ ಇಂಥ ಪ್ರಯತ್ನಗಳನ್ನು 1997ರಲ್ಲೇ ಒಂದು ಕಂತಿನಲ್ಲಿ ಗೇಲಿ ಮಾಡಿತ್ತು. ಅದರಲ್ಲಿ ಪೊಲೀಸ್ ವಿಗ್ಗಮ್ ಪತ್ತೇದಾರನಾಗುತ್ತಾನೆ, ಅಜ್ಜ ಒಂದು ಯಂತ್ರದೊಳಗೆ ಭೂತವಾಗಿ ಸೇರಿಕೊಳ್ಳುತ್ತಾನೆ.

ಇನ್ನೊಂದು ದಾರಿ, ನಾಲ್ವರು ಹುಡುಗರ ಗುಂಪಿನ ಕಥೆಯಾದ ‘ಸೌತ್ ಪಾರ್ಕ್’ ಕಾರ್ಟೂನ್ ಹಿಡಿದದ್ದು. ಅವರಲ್ಲೊಬ್ಬ, ಹೆಚ್ಚುಕಮ್ಮಿ ಪ್ರತಿ ವಾರ ಸತ್ತು ಮುಂದಿನ ವಾರ ಏನೂ ಆಗದ ಹಾಗೆ ಬರುತ್ತಿದ್ದ ಕೆನ್ನಿಯನ್ನು 2001ರ ಕೊನೆಯಲ್ಲಿ ನಿಜಕ್ಕೂ ಸಾಯಿಸಿ, ಹಿಂದೆ ಎಲ್ಲೋ ನಿಂತಿದ್ದ ಮುಗ್ಧ ಹುಡುಗ ಬಟರ್ಸ್‌ನನ್ನು ಗುಂಪಿಗೆ ತಂದರು. ಸ್ವಲ್ಪ ದಿನಕ್ಕೆ ಗೆಳೆಯರು ಅವನನ್ನು ಹೊರಹಾಕಿದರು. ಅವನು ಅಲ್ಯೂಮಿನಿಯಂ ಫಾಯಿಲ್ ಸುತ್ತಿಕೊಂಡು ‘ಪ್ರೊಫೆಸರ್ ಕೇಯಾಸ್’ ಅನ್ನುವ ಖಳನಾದ. ಕೆನ್ನಿ ಮುಂದಿನ ವರ್ಷ ಬದುಕಿ ಬಂದ, ಬಟರ್ಸ್ ಮಾತ್ರ ವಾಪಸ್ ಹಿಂದಿನ ಸಾಲಿಗೆ ಹೋಗಲಿಲ್ಲ. ಇಲ್ಲಿ ಬಡ್ತಿ ಕೆಲಸ ಮಾಡಿತು. ಅವನನ್ನು ಬೇರೆ ಊರಿಗೆ ಕಳಿಸಲಿಲ್ಲ, ಅವನ ಮುಗ್ಧತೆಯನ್ನು ಉಜ್ಜಲು ಕಾರ್ಟ್‌ಮನ್‌ನಂಥ ದುಷ್ಟ ಪಕ್ಕದಲ್ಲೇ ಇದ್ದ.

ಹೊಸದಾಗಿ ನೋಡುವವರಿಗೆ ನನ್ನ ಸಲಹೆ ಇಷ್ಟು. ಸಿಂಪ್ಸನ್ಸ್ ಅನ್ನು ಮೊದಲ ಕಂತಿನಿಂದ ಹಿಡಿಯಬೇಡಿ. ‘22 ಶಾರ್ಟ್ ಫಿಲ್ಮ್ಸ್’ ನೋಡಿ, ಆಮೇಲೆ ‘ಹರಿಕೇನ್ ನೆಡ್ಡಿ’. 1997ರ ‘ಹೋಮರ್ಸ್ ಎನಿಮಿ’ಯನ್ನು ಸ್ವಲ್ಪ ತಡವಾಗಿ ನೋಡಿ. ಅದರಲ್ಲಿ ಫ್ರಾಂಕ್ ಗ್ರೈಮ್ಸ್ ಅನ್ನುವ, ನಮ್ಮ ನಿಮ್ಮ ಹಾಗೆ ಕಷ್ಟಪಟ್ಟು ಮೇಲೆ ಬಂದವನು ಈ ಊರಿಗೆ ಕೆಲಸಕ್ಕೆ ಬರುತ್ತಾನೆ. ಹೋಮರ್‌ನಂಥ ಸೋಮಾರಿಗೆ ಎಲ್ಲ ಸಿಕ್ಕಿರುವುದನ್ನು ನೋಡಿ ತಲೆಕೆಟ್ಟು, ಹೈವೋಲ್ಟೇಜ್ ತಂತಿ ಹಿಡಿದು ಸಾಯುತ್ತಾನೆ. ಊರಿನ ಉಳಿದವರ ಪರಿಚಯ ಆಗಿದ್ದರೆ ಮಾತ್ರ ಆ ಕಂತು ಯಾಕೆ ಅಷ್ಟು ಕ್ರೂರ, ಅಷ್ಟು ಬುದ್ಧಿವಂತ ಅಂತ ತಿಳಿಯುತ್ತದೆ. ‘ಕಿಂಗ್ ಆಫ್ ದಿ ಹಿಲ್’ 2025ರಲ್ಲಿ ಮತ್ತೆ ಶುರುವಾಗಿದೆ. ಹಳೇ ಸೀಸನ್ ಮುಗಿಸಿಯೇ ಅದಕ್ಕೆ ಹೋಗಿ. ಡೇಲ್‌ಗೆ ದನಿಯಾಗಿದ್ದ ಜಾನಿ ಹಾರ್ಡ್‌ವಿಕ್ 2023ರಲ್ಲಿ ತೀರಿಕೊಂಡರು. ಹೊಸ ಸೀಸನ್‌ನ ಕೆಲವು ಕಂತುಗಳಲ್ಲಿ ಅವರದೇ ದನಿ ಇದೆ, ಆಮೇಲೆ ಟೋಬಿ ಹಸ್ ಮುಂದುವರಿಸಿದ್ದಾರೆ. ಹಿಂದೆ ಕಾನ್‌ಗೆ ದನಿ ಕೊಡುತ್ತಿದ್ದವರು ಇವರೇ.